ಹುಲಿಯ ಪಾಲು ಬಿಟ್ಟು ಬಂದ ತುಪ್ಪ: ಬಿಳಿಗಿರಿರಂಗನ ಬೆಟ್ಟದ ಹೆಜ್ಜೇನು

ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರು ಕಾಡಿನಿಂದ ಇಳಿಸಿ ಮಾರುವ ಹೆಜ್ಜೇನಿನ ತುಪ್ಪ ಪೇಟೆಯ ಜೇನಿಗಿಂತ ತೆಳು. ಬಣ್ಣ ಗಾಢ ಕಂದು, ಮೂಗಿಗೆ ಹೊಗೆಯ ಸಣ್ಣ ಸುಳಿವು, ಸಿಹಿ ಕರಗಿದ ಮೇಲೆ ನಾಲಿಗೆಯಲ್ಲಿ ಉಳಿಯುವ ಒಗರು. ಎಲ್ಲ ಕಾಲಕ್ಕೂ ಒಂದೇ ಬಣ್ಣ, ಒಂದೇ ಗಟ್ಟಿತನವಿರುವ ಜೇನಿಗೆ ಒಗ್ಗಿದವರು ಇದನ್ನು ಕಲಬೆರಕೆಯೆಂದೇ ಅನುಮಾನಿಸಬಹುದು. ನನ್ನ ಮಟ್ಟಿಗೆ ಇದು ಬಹಳ ಒಳ್ಳೆಯ ಜೇನು. ಆದರೆ ಅದು ಯಾವ ಕರಾರಿನ ಮೇಲೆ ಕಾಡಿನಿಂದ ಹೊರಬಂದಿದೆ ಎಂಬುದನ್ನು ಅರಿಯದೆ ಅದರ ಗುಣವನ್ನು ತೂಗುವುದು ಕಷ್ಟ.

ಹೆಜ್ಜೇನನ್ನು ಪೆಟ್ಟಿಗೆಯಲ್ಲಿಟ್ಟು ಸಾಕಲು ಬರುವುದಿಲ್ಲ. ತುಡುವೆ ಜೇನಿನಂತೆ ಪೊಟರೆಯೊಳಗೆ ಗೂಡು ಕಟ್ಟದೆ, ಅದು ಎತ್ತರದ ಕೊಂಬೆಗೋ ಬಂಡೆಯ ಅಂಚಿಗೋ ಒಂದೇ ದೊಡ್ಡ ಎರಿಯನ್ನು ಬಯಲಲ್ಲೇ ಕಟ್ಟುತ್ತದೆ. ಹೂ ಬಿಡುವ ಕಾಲಕ್ಕೆ ಬಂದು, ಹೂ ಮುಗಿದಾಗ ಬೇರೆಡೆಗೆ ಹೊರಟುಹೋಗುತ್ತದೆ. ಎರಿಯ ಮೇಲಿನ ದಪ್ಪ ಭಾಗದಲ್ಲಿ ತುಪ್ಪವಿರುತ್ತದೆ, ಅದರ ಕೆಳಗೆ ಮರಿಗಳಿರುತ್ತವೆ. ಹೊಗೆಯಾಡುವ ಸೂಡಿ ಹಿಡಿದು ಮರವೇರಿದವನು ತುಪ್ಪದ ಭಾಗವನ್ನಷ್ಟೇ ಕೊಯ್ದು ಮರಿಗಳನ್ನು ಉಳಿಸಿದರೆ ಹುಳುಗಳು ಅಲ್ಲಿಯೇ ಎರಿಯನ್ನು ಮತ್ತೆ ಬೆಳೆಸಬಲ್ಲವು. ಇಡೀ ಎರಿಯನ್ನು ಕಿತ್ತು ಹಿಂಡಿದರೆ ತೂಕ ಹೆಚ್ಚು ಸಿಗುತ್ತದೆ ನಿಜ, ಆದರೆ ಮರಿಗಳ ರಸವೂ ಬೆರೆತು ತುಪ್ಪ ಬೇಗ ಹುಳಿಯುತ್ತದೆ. ನಾನು ಕೊಂಡ ಬಾಟಲಿಯಲ್ಲಿ ಅಂಥ ಹುಳಿವಾಸನೆ ಇರಲಿಲ್ಲ. ಕೊಯ್ದವರ ಸಂಯಮವನ್ನು ರುಚಿಯಿಂದಲೇ ತಿಳಿಯಬಹುದಾದ ಪದಾರ್ಥಗಳು ಹೆಚ್ಚಿಲ್ಲ.

ಇಳಿಸಿದ ಎರಿಯಲ್ಲಿ ಒಂದು ತುಂಡನ್ನು ಹುಲಿಗೆಂದು ನೆಲದ ಮೇಲೆ ಬಿಟ್ಟು ಬರುವುದು ಸೋಲಿಗರ ವಾಡಿಕೆ. ಹುಲಿ ತಮ್ಮ ಮನೆಯವನೇ, ಮರದ ಮೇಲಿನ ಜೇನು ಅವನಿಗೆ ಎಟುಕುವುದಿಲ್ಲ, ಆದ್ದರಿಂದ ಏರಬಲ್ಲವರು ಅವನ ಪಾಲನ್ನು ಇಳಿಸಿಕೊಡಬೇಕು ಎಂಬುದು ಅವರು ಕೊಡುವ ವಿವರಣೆ. ಹುಲಿವೀರಪ್ಪನೆಂದು ಅವರು ಪೂಜಿಸುವುದೂ ಅವನನ್ನೇ. ಇದನ್ನು ಕಾಡಿನ ಜನರ ಮುಗ್ಧ ನಂಬಿಕೆಯೆಂದು ಮೆಚ್ಚಿ ಬದಿಗಿಡುವ ಅಭ್ಯಾಸ ನಮ್ಮಲ್ಲಿದೆ, ಮತ್ತು ಅದು ನನಗೆ ನೋವು ತರುತ್ತದೆ. ಪಾಲು ಹಾಕುವವನು ಎದುರಿನವನ ಹಕ್ಕನ್ನು ಮೊದಲೇ ಒಪ್ಪಿಕೊಂಡಿರುತ್ತಾನೆ. ಇಡೀ ಕಾಡು ತನ್ನದೊಬ್ಬನದೇ ಎಂದು ತಿಳಿದವನಿಗೆ ಪಾಲಿನ ಮಾತೇ ಹೊಳೆಯುವುದಿಲ್ಲ. ಅವರು ನೆಲ್ಲಿಕಾಯಿ ಕೊಯ್ಯುವಾಗಲೂ ಇದೇ ನಡತೆಯನ್ನು ಕಾಣಬಹುದು: ಮರದ ಸತ್ವ ಹೀರುವ ಉಪ್ಪಿಲು ಎಂಬ ಬಂದಳಿಕೆ ಹಿಡಿದ ಕೊಂಬೆಗಳನ್ನು ಕಡಿದುಹಾಕಿ, ಕಾಯಿ ಕೊಟ್ಟ ಮರದ ಆರೈಕೆಯನ್ನೂ ಮಾಡಿ ಬರುತ್ತಾರೆ.

ಈ ಕೊಡುಕೊಳೆಗೆ ಕಾನೂನು ಹಲವು ಬಾರಿ ಅಡ್ಡ ಬಂದಿದೆ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಸೋಲಿಗರ ಅಲೆಮಾರಿ ಬೇಸಾಯ ನಿಂತು ಅವರು ಪೋಡುಗಳೆಂಬ ಹಾಡಿಗಳಲ್ಲಿ ನೆಲೆಯೂರಬೇಕಾಯಿತು. ಬೇಸಗೆಯ ಆರಂಭದಲ್ಲಿ ತರಗೆಲೆಗೆ ಹಾಕುತ್ತಿದ್ದ ತೆಳು ಬೆಂಕಿಗೂ ಅವಕಾಶ ತಪ್ಪಿತು. ಆ ತರಗು ಬೆಂಕಿ ನಿಂತದ್ದರಿಂದಲೇ ಲಂಟಾನವೆಂಬ ಕಳೆಗಿಡ ಕಾಡನ್ನು ಆವರಿಸಿತು, ಉಪ್ಪಿಲು ಹೆಚ್ಚಿತು ಎಂದು ಹಿರಿಯ ಸೋಲಿಗರು ಹೇಳುತ್ತ ಬಂದಿದ್ದಾರೆ. ಕಿರು ಅರಣ್ಯ ಉತ್ಪನ್ನಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದನ್ನೂ ಮುಂದೆ ನಿಷೇಧಿಸಲಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಕಾಡಿನ ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವುದೂ ಸೇರಿದ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದದ್ದೂ ಅದೇ ವರ್ಷ. ಬಾಟಲಿಯ ಬೆಲೆಯನ್ನು ಪೆಟ್ಟಿಗೆ ಜೇನಿನ ಬೆಲೆಯೊಂದಿಗೆ ಹೋಲಿಸಿ ಚೌಕಾಸಿ ಮಾಡುವವರು ಈ ಹಿನ್ನೆಲೆಯನ್ನು ನೆನೆಯಬೇಕೆಂದು ನನ್ನ ಕೋರಿಕೆ.

ಕೊರತೆಗಳೂ ಇವೆ. ನನಗೆ ಸಿಕ್ಕ ಬಾಟಲಿಯ ಚೀಟಿಯಲ್ಲಿ ಕೊಯ್ದ ತಿಂಗಳೂ ಇರಲಿಲ್ಲ, ಪೋಡಿನ ಹೆಸರೂ ಇರಲಿಲ್ಲ; ಇಷ್ಟು ಎಚ್ಚರದಿಂದ ತೆಗೆದ ಪದಾರ್ಥಕ್ಕೆ ಇದು ದೊಡ್ಡ ಅನ್ಯಾಯ. ಮುಚ್ಚಳವೂ ಬಿಗಿಯಾಗಿರಲಿಲ್ಲ. ಕಾಡುಜೇನಿನಲ್ಲಿ ನೀರಿನಂಶ ಸಹಜವಾಗಿಯೇ ಹೆಚ್ಚು, ನಮ್ಮ ಆಹಾರ ನಿಯಮವೋ ಶೇ 20ಕ್ಕಿಂತ ಹೆಚ್ಚಿನ ತೇವಾಂಶವನ್ನು ಒಪ್ಪುವುದಿಲ್ಲ. ಹೀಗಾಗಿ ಸೋಸುವುದರಲ್ಲಿ, ತೇವಾಂಶ ಅಳೆಯುವುದರಲ್ಲಿ ಮಾರುವವರು ಇನ್ನಷ್ಟು ಶಿಸ್ತು ತೋರಬೇಕು. ಕೊಂಡವರು ಗಾಜಿನ ಸೀಸೆಯಲ್ಲಿಟ್ಟು, ಒಣ ಚಮಚವನ್ನೇ ಬಳಸಿ, ಕೆಲವು ತಿಂಗಳೊಳಗೆ ಮುಗಿಸುವುದು ಒಳ್ಳೆಯದು. ಗಟ್ಟಿಯಾಗಲೆಂದು ಕಾಯಿಸಿದರೆ ಆ ಒಗರೂ ಪರಿಮಳವೂ ಹಾಳಾಗುತ್ತವೆ.

ವರ್ಷದ ಕೆಲವು ತಿಂಗಳು ಅಂಗಡಿಯಲ್ಲಿ ಈ ಜೇನು ಸಿಗುವುದೇ ಇಲ್ಲವೆಂಬ ದೂರನ್ನು ಮಾತ್ರ ನಾನು ಕೊರತೆಯೆಂದು ಎಣಿಸಲಾರೆ. ಹೂವಿಲ್ಲದ ಕಾಲದಲ್ಲಿ ಹೆಜ್ಜೇನೇ ಬೆಟ್ಟದಲ್ಲಿರುವುದಿಲ್ಲ. ವರ್ಷವಿಡೀ, ಒಂದೇ ರುಚಿಯಲ್ಲಿ, ಬೇಕಾದಷ್ಟು ಬೇಕೆಂದು ಗಿರಾಕಿ ಒತ್ತಾಯಿಸಿದರೆ, ಆ ಒತ್ತಾಯ ಕೊನೆಗೆ ಮರದ ಮೇಲಿರುವವನ ಕತ್ತಿಯನ್ನು ಮರಿಗಳಿರುವ ಭಾಗದವರೆಗೆ ಇಳಿಸುತ್ತದೆ, ನೆಲದ ಮೇಲೆ ಬಿಡುವ ತುಂಡನ್ನೂ ಬಾಟಲಿಗೆ ಸೇರಿಸುತ್ತದೆ. ಆದ್ದರಿಂದ ಕೊಯ್ಲು ಮುಗಿಯುವ ಮುಂಗಾರಿನ ಹೊತ್ತಿಗೆ ಹೋಗಿ, ಯಾವ ಪೋಡಿನವರು ಯಾವಾಗ ಇಳಿಸಿದ್ದೆಂದು ಕೇಳಿ, ಮನೆಗೆ ಬೇಕಾದಷ್ಟನ್ನೇ ಕೊಳ್ಳಿರಿ. ಮುಗಿದಿದೆ ಎಂದು ಅವರು ಹೇಳಿದರೆ ಮುಂದಿನ ಹೂವಿನ ಕಾಲದವರೆಗೆ ಕಾಯಿರಿ.