ಅಟ್ಟದಿಂದ ಇಳಿದ ಕಂಪ್ಯೂಟರು ಮತ್ತು ದಾವಣಗೆರೆಯ ಒಂದು ಡಾಟಾ ರಿಕವರಿ ಅಂಗಡಿ

ನಮ್ಮ ತಂದೆಯವರು ನಿವೃತ್ತರಾದ ಮೇಲೆ ನಮ್ಮ ಸೀಮೆಯ ಬೇಸಾಯದ ಮಾತುಗಳನ್ನು ಒಂದೊಂದಾಗಿ ಕಲೆಹಾಕಿ, 2004ರಲ್ಲಿ ಕೊಂಡ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಿಂದ ಟೈಪ್ ಮಾಡಿಟ್ಟಿದ್ದರು. ಕೂರಿಗೆ, ರಂಟೆ, ಎಡೆಕುಂಟೆ, ಮಿಣಿ, ಮೇಟಿ, ಹೀಗೆ ಸಾವಿರಕ್ಕೂ ಮಿಕ್ಕಿದ ಪದಗಳು. ಪ್ರತಿಯೊಂದಕ್ಕೂ ಅರ್ಥ, ಅದನ್ನು ಯಾವ ಊರಿನಲ್ಲಿ ಯಾರ ಬಾಯಿಂದ ಕೇಳಿದ್ದೆಂಬ ಟಿಪ್ಪಣಿ. ಅವರು ತೀರಿಕೊಂಡ ಮೇಲೆ ಅಟ್ಟ ಸೇರಿದ್ದ ಆ ಕಂಪ್ಯೂಟರನ್ನು ಕಳೆದ ಬೇಸಿಗೆಯಲ್ಲಿ ಕೆಳಗಿಳಿಸಿದೆ. ಮೊದಲು ಒಯ್ದ ಅಂಗಡಿಯಲ್ಲಿ, ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೂ ನಾಲ್ಕಾರು ಬಾರಿ ಆನ್ ಮಾಡಿ ನೋಡಿ, ಕೊನೆಗೆ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಕೊಡುವುದಾಗಿ ಹೇಳಿದರು. ಒಳಗೆ ಏನಿದೆ ಎಂದು ಅವರು ಕೇಳಲೇ ಇಲ್ಲ.

ಅಲ್ಲಿಂದ ವಾಪಸು ತಂದ ಡಿಸ್ಕನ್ನು ಪರಿಚಿತರೊಬ್ಬರ ಮಾತಿನಂತೆ ಪಿ.ಜೆ. ಬಡಾವಣೆಯ ಅಡ್ಡರಸ್ತೆಯೊಂದರ ಚಿಕ್ಕ ಅಂಗಡಿಗೆ ಕೊಟ್ಟೆ. ತಮ್ಮ ಹೆಸರು ಬರೆಯುವುದು ಬೇಡವೆಂದು ಅಂಗಡಿಯವರು ಕೇಳಿಕೊಂಡಿದ್ದಾರೆ. ಆದರೆ ಅವರು ಕೆಲಸ ಮಾಡಿದ ರೀತಿಯನ್ನು ಬರೆಯದೆ ಇರಲಾರೆ. ಸದ್ದಿನ ವಿಚಾರ ಕೇಳಿದೊಡನೆ ಅವರು ಹೇಳಿದ್ದು, "ಮೇಷ್ಟ್ರೇ, ಇನ್ನು ಇದನ್ನು ಮನೆಯಲ್ಲಿ ಒಮ್ಮೆಯೂ ಆನ್ ಮಾಡಬೇಡಿ. ಮೊದಲು ಇಡೀ ಡಿಸ್ಕಿನ ಒಂದು ಪ್ರತಿ ತೆಗೆಯೋಣ. ಹುಡುಕುವುದೆಲ್ಲ ಆ ಪ್ರತಿಯಲ್ಲಿ." ಆಮೇಲೆ ಕೇಳಿದ್ದು, ತಂದೆಯವರು ಬ್ಯಾಕಪ್ ತೆಗೆಯುವ ಅಭ್ಯಾಸ ಇಟ್ಟುಕೊಂಡಿದ್ದರೇ ಎಂದು. ಆಗ ನನಗೆ ಅಲಮಾರಿನಲ್ಲಿದ್ದ ಐದು ಸಿಡಿಗಳ ನೆನಪಾಯಿತು.

ಡಿಸ್ಕ್ 40 ಜಿಬಿಯದು, ಅಗಲವಾದ ಪಟ್ಟಿಯಂಥ ಕೇಬಲ್ ಹಾಕುವ ಐಡಿಇ ಮಾದರಿ. ಈಗಿನ ಮದರ್‌ಬೋರ್ಡುಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಯುಎಸ್‌ಬಿ ಅಡಾಪ್ಟರ್ ಮೂಲಕ ಜೋಡಿಸಬೇಕು, ಅದೂ ಸಾಲದು, 12 ವೋಲ್ಟಿನ ವಿದ್ಯುತ್ತನ್ನು ಬೇರೆಯಾಗಿ ಕೊಡಬೇಕು. ಅವರು ಲಿನಕ್ಸ್ ಕಂಪ್ಯೂಟರಿನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವನ್ನು ಓಡಿಸಿದರು. ಅದು ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ಮೊದಲು ನಕಲು ಮಾಡಿಕೊಂಡು, ಓದಲಾಗದ ಜಾಗಗಳನ್ನು ಒಂದು ಕಡತದಲ್ಲಿ ಗುರುತು ಹಾಕಿಟ್ಟುಕೊಂಡು, ಕೊನೆಗೆ ಅವುಗಳ ಹತ್ತಿರ ಮತ್ತೆ ಬರುತ್ತದೆ. ನಡುವೆ ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಕಡಿಮೆ ಭಾರ ಹಾಕುವ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು. ಮೂರನೆಯ ದಿನ ಹೋದಾಗ ಕೆಲವು ನೂರು ಕೆಬಿ ಬಿಟ್ಟು ಉಳಿದದ್ದೆಲ್ಲ ಬಂದಿತ್ತು. ದುರದೃಷ್ಟಕ್ಕೆ, ಬಾರದೆ ಉಳಿದ ಆ ಅಲ್ಪ ಭಾಗ ಬಿದ್ದದ್ದು ಪದಕೋಶದ ಕೊನೆಯ ಆವೃತ್ತಿಯ ಮೇಲೆಯೇ.

ಬ್ಯಾಕಪ್‌ನ ಬೆಲೆ ಗೊತ್ತಾದದ್ದು ಆಗ. ಡಿಸ್ಕಿನ ಡಿ ಡ್ರೈವಿನಲ್ಲಿ ಬಿಕೆಎಫ್ ಎಂಬ ಬಾಲವುಳ್ಳ ಒಂದು ದೊಡ್ಡ ಕಡತವಿತ್ತು. ವಿಂಡೋಸ್ ಎಕ್ಸ್‌ಪಿಯೊಂದಿಗೆ ಬರುತ್ತಿದ್ದ ಬ್ಯಾಕಪ್ ಸಾಧನ ತಯಾರಿಸುತ್ತಿದ್ದ ಕಡತ ಅದು. ವಿಂಡೋಸ್ ವಿಸ್ತಾದಿಂದ ಮುಂದಕ್ಕೆ ಆ ಸಾಧನವನ್ನು ಕೈಬಿಟ್ಟದ್ದರಿಂದ ಇಂದಿನ ಕಂಪ್ಯೂಟರಿನಲ್ಲಿ ಅದರ ಮೇಲೆ ಎಷ್ಟು ಕ್ಲಿಕ್ ಮಾಡಿದರೂ ತೆರೆಯುವುದಿಲ್ಲ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ, ಇಂಟರ್ನೆಟ್ ಸಂಪರ್ಕವಿಲ್ಲದೆ, ಎಕ್ಸ್‌ಪಿಯನ್ನು ಓಡಿಸಿ ಅಂಗಡಿಯವರು ಅದನ್ನು ಬಿಡಿಸಿದರು. 2009ರ ಜನವರಿಯ ಹೊತ್ತಿನ ಪದಕೋಶ ಪೂರ್ತಿಯಾಗಿ ಸಿಕ್ಕಿತು. ಮುಂದಿನ ಎರಡು ವರ್ಷ ತಂದೆಯವರು ಸೇರಿಸಿದ ಪದಗಳು ಮಾತ್ರ ಹಾಳಾದ ಆವೃತ್ತಿಯಲ್ಲಿದ್ದವು. ಅದನ್ನು ಲಿಬ್ರೆಆಫೀಸಿನಲ್ಲಿ ತೆರೆದಾಗ ಮುಕ್ಕಾಲು ಪಾಲು ಓದಲು ಬಂತು.

ಸಿಡಿಗಳ ಕಥೆ ಬೇರೆ. ಹೊಳೆಯುವ ಓದುವ ಮುಖದ ಗೀರಿಗಿಂತ ಹೆಸರು ಬರೆಯುವ ಮುಖದ ಗೀರೇ ಹೆಚ್ಚು ಅಪಾಯಕಾರಿ, ಏಕೆಂದರೆ ಮಾಹಿತಿಯ ಪದರ ಆ ಬದಿಯ ತೆಳುವಾದ ಲೇಪದ ಕೆಳಗೇ ಇರುತ್ತದೆ ಎಂದು ಅಂಗಡಿಯವರು ದೀಪಕ್ಕೆ ಹಿಡಿದು ತೋರಿಸಿದರು. ಒಂದು ಸಿಡಿಯಲ್ಲಿ ಸೂಜಿಮೊನೆಯಷ್ಟು ತೂತುಗಳಲ್ಲಿ ಬೆಳಕು ಹಾಯುತ್ತಿತ್ತು. ಅದು ಓದಲಿಲ್ಲ. ಇನ್ನೊಂದರಲ್ಲಿ ಹನ್ನೆರಡೇ ಕಡತಗಳಿದ್ದಂತೆ ಕಂಡಿತು. ಅಷ್ಟೇ ಇರುವುದೆಂದು ನಾನು ಬಿಟ್ಟುಬಿಡುತ್ತಿದ್ದೆ. ಒಂದೇ ಸಿಡಿಗೆ ಬೇರೆ ಬೇರೆ ದಿನ ಬರೆದಾಗ, ಹಿಂದಿನ ಸರದಿಯನ್ನು ಜೋಡಿಸದಿದ್ದರೆ, ವಿಂಡೋಸ್ ಕೊನೆಯ ಸರದಿಯನ್ನಷ್ಟೇ ತೋರಿಸುತ್ತದಂತೆ. ಹಿಂದಿನ ಸರದಿಯನ್ನು ತೆರೆದಾಗ ಸಿಕ್ಕಿದ್ದು 2006ರ ಹೊತ್ತಿನ ಟಿಪ್ಪಣಿಗಳು. ಅದರಲ್ಲಿ ಕಣದಲ್ಲಿ ಹಂತಿ ಹೊಡೆಯುವ ಬಗ್ಗೆ ತಂದೆಯವರು ಬರೆದು, ಆಮೇಲಿನ ಆವೃತ್ತಿಗಳಿಂದ ಏಕೋ ತೆಗೆದುಹಾಕಿದ್ದ ಒಂದೂವರೆ ಪುಟವಿತ್ತು. ಅದನ್ನು ಅಂಗಡಿಯಲ್ಲಿಯೇ ನಿಂತು ಓದಿದೆ.

ಮೂರು ಕಡೆಯ ಕಡತಗಳನ್ನೂ ಒಂದರ ಮೇಲೊಂದು ಸುರಿಯದೆ, ಡಿಸ್ಕು, ಬ್ಯಾಕಪ್, ಸಿಡಿ ಎಂದು ಬೇರೆ ಬೇರೆ ಫೋಲ್ಡರುಗಳಲ್ಲಿ ಮೂಲ ದಿನಾಂಕಗಳೊಂದಿಗೆ ಹೊಸ ಡ್ರೈವಿಗೆ ಹಾಕಿಕೊಟ್ಟದ್ದು ಈ ಅಂಗಡಿಯ ಅತಿ ಒಳ್ಳೆಯ ಗುಣ. ಹಾಗೆ ಮಾಡದಿದ್ದರೆ ಒಂದೇ ಹೆಸರಿನ ಮೂರು ಕಡತಗಳಲ್ಲಿ ಎರಡು ಅಳಿದುಹೋಗುತ್ತಿದ್ದವು. ಹಣ ಪಡೆಯುವ ಮುನ್ನ ಕಡತಗಳನ್ನು ನನ್ನ ಎದುರಿನಲ್ಲಿಯೇ ತೆರೆದು ತೋರಿಸಿದರು.

ಕೊರತೆಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಡಿಸ್ಕ್ ತೆಗೆದುಕೊಂಡಾಗ ಅದರ ಸ್ಥಿತಿಯನ್ನು ಬರೆದ ರಸೀದಿ ಕೊಡಲಿಲ್ಲ. ಇಂಥ ಕೆಲಸದಲ್ಲಿ ಅದು ಇರಲೇಬೇಕು. ಒಂದು ವಾರ ಎಂದದ್ದು ಹದಿನೇಳು ದಿನವಾಯಿತು, ಮೂರು ಬಾರಿ ನಾನೇ ಹೋಗಿ ವಿಚಾರಿಸಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡದ ಕಡತಗಳ ವಿಚಾರದಲ್ಲಿ ಅವರಿಗೆ ಅನುಭವ ಸಾಲದು. ನುಡಿಯ ಹಳೆಯ ಕಡತಗಳು, ಇಂದಿನ ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿಲ್ಲ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ನೆತ್ತಿಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಅಂಗಡಿಯ ಹುಡುಗ ಅದನ್ನು ನೋಡಿ ಕಡತ ಕೆಟ್ಟಿದೆಯೆಂದು ಬೇರೆ ತೆಗೆದಿಟ್ಟಿದ್ದ. ಕೆಟ್ಟಿರಲಿಲ್ಲ, ನುಡಿ ಫಾಂಟು ಹಾಕಿದ ಕೂಡಲೇ "ಕೂರಿಗೆ" ಎಂಬ ಮೊದಲ ಪದ ಪರದೆಯ ಮೇಲೆ ಸರಿಯಾಗಿ ಮೂಡಿತು. ಆಮೇಲೆ ಅವರು ಯೂನಿಕೋಡಿಗೆ ಬದಲಾಯಿಸಿ ಕೊಟ್ಟ ಪ್ರತಿಯಲ್ಲಿ ಅರ್ಕಾವತ್ತುಗಳು ಹಲವೆಡೆ ಪಕ್ಕದ ಅಕ್ಷರಕ್ಕೆ ಜಿಗಿದಿವೆ. ಅವನ್ನು ಮೂಲದೊಂದಿಗೆ ಹೋಲಿಸಿ ನಾನೇ ತಿದ್ದುತ್ತಿದ್ದೇನೆ.

ಪರೀಕ್ಷೆಗೆ 300, ಕೆಲಸಕ್ಕೆ 2,500 ರೂಪಾಯಿ ಆಯಿತು. ಹೊಸ ಡ್ರೈವಿನ ಹಣ ಬೇರೆ. ಡಿಸ್ಕಿನ ಒಳಭಾಗವನ್ನೇ ಬಿಚ್ಚಬೇಕಾದ ಕೆಲಸ ಇಲ್ಲಿ ಆಗುವುದಿಲ್ಲ, ಅದಕ್ಕೆ ಧೂಳಿಲ್ಲದ ವಿಶೇಷ ಕೊಠಡಿ ಬೇಕು ಎಂದು ಅವರೇ ಮೊದಲ ದಿನ ಸ್ಪಷ್ಟವಾಗಿ ತಿಳಿಸಿದ್ದರು. ಹೋಗುವವರು ಡಿಸ್ಕಿನ ಜೊತೆಗೆ ಮನೆಯಲ್ಲಿರುವ ಸಿಡಿ, ಪೆನ್‌ಡ್ರೈವ್ ಎಲ್ಲವನ್ನೂ ಒಯ್ಯಿರಿ, ರಸೀದಿಯನ್ನು ಬರೆಸಿಕೊಳ್ಳಿರಿ, ನಿಮ್ಮ ಕಡತಗಳು ನುಡಿ ತಂತ್ರಾಂಶದಲ್ಲಿವೆಯೋ ಬರಹ ತಂತ್ರಾಂಶದಲ್ಲಿವೆಯೋ ಎಂಬುದನ್ನು ಮೊದಲೇ ಹೇಳಿರಿ.