ಆಮೆಯ ತೊಟ್ಟಿಗೆ ‘ಯುವಿ ಲೈಟ್’ ಕೊಳ್ಳುವ ಮುನ್ನ

ಮನೆಯಲ್ಲಿ ರೆಡ್ ಇಯರ್ಡ್ ಸ್ಲೈಡರ್ ಜಾತಿಯ ಆಮೆ ಸಾಕಿರುವವರು, ಅದು ನೀರು ಬಿಟ್ಟು ಮೇಲೆ ಬಂದು ಮೈ ಕಾಯಿಸಿಕೊಳ್ಳುತ್ತಿಲ್ಲವೆಂದು ಅಕ್ವೇರಿಯಂ ಅಂಗಡಿಗೆ ಹೋಗಿ ‘ಯುವಿ ಲೈಟ್’ ಕೇಳುವ ಮುನ್ನ ದಯವಿಟ್ಟು ಇದನ್ನು ಓದಿ. ಆ ಒಂದೇ ಹೆಸರಿನಲ್ಲಿ ಮಾರಾಟವಾಗುವ ದೀಪಗಳಲ್ಲಿ ಒಂದು ಬಗೆ ಆಮೆಗೆ ಬೇಕೇ ಬೇಕಾದದ್ದು, ಇನ್ನೊಂದು ಬಗೆಯಿಂದ ಏನೂ ಪ್ರಯೋಜನವಿಲ್ಲ, ಮತ್ತೊಂದು ಬಗೆ ಆಮೆಯ ಕಣ್ಣನ್ನೂ ನಮ್ಮ ಕಣ್ಣನ್ನೂ ಸುಡುವಂಥದ್ದು. ನಮಗೆ ಸಿಕ್ಕಿದ್ದು ಮೂರನೆಯದು.

ನಮ್ಮ ಆಮೆ ಅಂಗೈಯನ್ನು ಮೀರಿ ಬೆಳೆದ ಮೇಲೆ ತೊಟ್ಟಿಯ ಮೂಲೆಯಲ್ಲಿದ್ದ ಕಟ್ಟೆಯನ್ನು ಹತ್ತುವುದನ್ನು ಬಹುಮಟ್ಟಿಗೆ ನಿಲ್ಲಿಸಿತ್ತು. ಕಿಟಕಿಯ ಬಿಸಿಲು ಕಟ್ಟೆಯ ಮೇಲೆ ಬೀಳುವ ಹೊತ್ತಿನಲ್ಲಿ ಮಾತ್ರ ಒಮ್ಮೊಮ್ಮೆ ಮೇಲೆ ಬಂದು ಕುಳಿತುಕೊಳ್ಳುತ್ತಿತ್ತು. ಇದನ್ನು ಅಂಗಡಿಯವರಿಗೆ ವಿವರಿಸಿದಾಗ ಅವರು, “ಯುವಿ ಲೈಟ್ ಹಾಕಿ ಸರ್, ತಾನಾಗೇ ಮೇಲೆ ಬರುತ್ತೆ” ಎಂದು ಹೇಳಿ, ಬೆರಳು ಗಾತ್ರದ, ಬಿಳಿಯ ಲೇಪವಿಲ್ಲದ ಪಾರದರ್ಶಕ ಗಾಜಿನ ಟ್ಯೂಬೊಂದನ್ನು ಪೆಟ್ಟಿಗೆಯಿಂದ ಹೊರತೆಗೆದು, ಕ್ಲಿಪ್ ಮತ್ತು ವೈರು ಜೋಡಿಸಿ, ಪೆಟ್ಟಿಗೆಯನ್ನು ಅಲ್ಲೇ ಇಟ್ಟುಕೊಂಡು ದೀಪವನ್ನಷ್ಟೇ ಕೊಟ್ಟರು. ಬೇರೆ ದೀಪಗಳಿಗೆ ಹೋಲಿಸಿದರೆ ಬೆಳಕು ಮಂದ, ತಿಳಿನೀಲಿ. ಬಿಸಿಯಂತೂ ಇಲ್ಲವೇ ಇಲ್ಲ. ಅವರ ಸೂಚನೆಯಂತೆಯೇ ಅದನ್ನು ಕಟ್ಟೆಯ ಮೇಲ್ಗಡೆ ಬಿಗಿದು ಹಗಲೆಲ್ಲ ಉರಿಸಿದೆವು.

ಕೆಲವೇ ದಿನಗಳಲ್ಲಿ ಆಮೆ ಕಟ್ಟೆಯ ಹತ್ತಿರವೂ ಸುಳಿಯದಾಯಿತು. ಫಿಲ್ಟರ್‌ನ ಹಿಂದೆ ತಲೆ ಒಳಗೆಳೆದುಕೊಂಡು ಕೂರುತ್ತಿತ್ತು. ಎರಡೂ ರೆಪ್ಪೆಗಳು ನೆನೆಸಿಟ್ಟ ಕಡಲೆಯಂತೆ ಊದಿಕೊಂಡು ಕಣ್ಣು ಮುಚ್ಚಿಹೋದವು, ಕತ್ತಿನ ಚರ್ಮ ಬಿಳಿಯ ಪೊರೆಯಾಗಿ ಸುಲಿಯತೊಡಗಿತು. ಈ ಆಮೆಗಳು ಕಣ್ಣಿನಿಂದ ಕಂಡೇ ಆಹಾರವನ್ನು ಹಿಡಿಯುವುದರಿಂದ, ಕಣ್ಣು ಮುಚ್ಚಿದ ದಿನವೇ ತಿನ್ನುವುದೂ ನಿಂತಿತು. ಮತ್ತೆ ಅಂಗಡಿಗೆ ಹೋದರೆ, ಇದು ವಿಟಮಿನ್ ಎ ಕೊರತೆಯೆಂದು ಹೇಳಿ ಹನಿ ಔಷಧಿಯ ಬಾಟಲಿಯೊಂದನ್ನು ಮಾರಿದರು. ವಿಟಮಿನ್ ಎ ಕೊರತೆಯಿಂದ ಆಮೆಯ ಕಣ್ಣು ಊದುವುದು ನಿಜ, ಅದು ಸಾಮಾನ್ಯವಾದ ತೊಂದರೆಯೂ ಹೌದು. ಅರ್ಧ ನಿಜವಾದ್ದರಿಂದಲೇ ಆ ಮಾತು ನಂಬುವಂತಿತ್ತು. ಆದರೆ ಈ ವಿಟಮಿನ್ ಅತಿಯಾದರೂ ಚರ್ಮ ಸುಲಿಯುತ್ತದೆಂಬುದನ್ನು ಅವರು ಹೇಳಲಿಲ್ಲ.

ನಿಜವಾದ ಕಾರಣ ಗೊತ್ತಾದದ್ದು ಮನುಷ್ಯರ ಆಸ್ಪತ್ರೆಯಲ್ಲಿ. ರಜೆಗೆಂದು ಬಂದಿದ್ದ ನನ್ನ ತಮ್ಮನ ಮಗಳು ಮಧ್ಯಾಹ್ನವೆಲ್ಲ ತೊಟ್ಟಿಯ ಮುಂದೆ ಕುಳಿತು ಆಮೆಯ ಚಿತ್ರ ಬರೆಯುತ್ತಿದ್ದಳು. ಆ ರಾತ್ರಿ ಕಣ್ಣಿಗೆ ಮರಳು ಬಿದ್ದಂತಾಗುತ್ತಿದೆಯೆಂದು ಅಳುತ್ತಾ ಎದ್ದಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಬೆಳಕು ನೋಡಲಾಗುತ್ತಿರಲಿಲ್ಲ. ಪರೀಕ್ಷಿಸಿದ ಕಣ್ಣಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಎಲ್ಲಾದರೂ ವೆಲ್ಡಿಂಗ್ ಮಾಡೋದನ್ನ ನೋಡ್ತಾ ನಿಂತಿದ್ಯೇನಮ್ಮ?” ಎಂದು. ಇಂಥ ಕಿರಣದಿಂದ ಕಣ್ಣಿನ ಮೇಲ್ಪದರ ಸುಟ್ಟರೆ ನೋವು ಕಾಣಿಸಿಕೊಳ್ಳುವುದು ಕೆಲವು ಗಂಟೆಗಳ ನಂತರವಾದ್ದರಿಂದ, ಕಾರಣಕ್ಕೂ ನೋವಿಗೂ ಇರುವ ಸಂಬಂಧ ಸುಲಭವಾಗಿ ಹೊಳೆಯುವುದಿಲ್ಲ. ಮಗುವಿನ ಕಣ್ಣು ಎರಡು ದಿನಗಳಲ್ಲಿ ಸರಿಹೋಯಿತು. ನಂತರ ದೀಪದ ಫೋಟೋ ನೋಡಿದ ಪಶುವೈದ್ಯರು ಅದು ಮೀನಿನ ತೊಟ್ಟಿಯ ನೀರಿನಲ್ಲಿರುವ ಪಾಚಿಯನ್ನೂ ಸೂಕ್ಷ್ಮಜೀವಿಗಳನ್ನೂ ಕೊಲ್ಲಲು ಬಳಸುವ ಕ್ರಿಮಿನಾಶಕ ದೀಪವೆಂದೂ, ಮುಚ್ಚಿದ ಪೆಟ್ಟಿಗೆಯೊಳಗೆ ಮಾತ್ರ ಉರಿಸಬೇಕಾದದ್ದೆಂದೂ ತಿಳಿಸಿದರು.

ನೇರಳಾತೀತ ಕಿರಣಗಳಲ್ಲಿ ಮೂರು ಬಗೆಗಳಿವೆ. 315ರಿಂದ 400 ನ್ಯಾನೋಮೀಟರ್‌ವರೆಗಿನದು ಯುವಿಎ, 280ರಿಂದ 315ರವರೆಗಿನದು ಯುವಿಬಿ, ಅದಕ್ಕಿಂತ ಕಡಿಮೆ ತರಂಗಾಂತರದ್ದು ಯುವಿಸಿ. ಆಮೆಯ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗಲು ಬೇಕಾದದ್ದು ನಡುವಿನ ಯುವಿಬಿ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ, ಮೂಳೆ ಸೊಟ್ಟಗಾಗುತ್ತದೆ. ಕ್ರಿಮಿನಾಶಕ ದೀಪಗಳು ಸೂಸುವುದು ಸುಮಾರು 254 ನ್ಯಾನೋಮೀಟರ್‌ನ ಯುವಿಸಿ. ಸೂರ್ಯನ ಯುವಿಸಿಯನ್ನು ವಾತಾವರಣವೇ ಮೇಲೆಯೇ ಹೀರಿಕೊಳ್ಳುವುದರಿಂದ ಅದು ನೆಲವನ್ನು ಮುಟ್ಟುವುದೇ ಇಲ್ಲ. ಹೊಳೆಯಲ್ಲಿ ಬದುಕುವ ಯಾವ ಆಮೆಯೂ ಎಂದೂ ಕಾಣದ ಕಿರಣವನ್ನು ಎರಡು ಗೇಣು ದೂರದಿಂದ ದಿನವಿಡೀ ಅದರ ತಲೆಯ ಮೇಲೆ ಬಿಟ್ಟಂತಾಯಿತು. ಇನ್ನು ‘ಯುವಿ’ ಎಂಬ ಹೆಸರಿನಲ್ಲೇ ಸಿಗುವ ಅಗ್ಗದ ನೇರಳೆ ಎಲ್‌ಇಡಿ ದೀಪಗಳಲ್ಲಿ ಸಾಮಾನ್ಯವಾಗಿ ಯುವಿಬಿ ಇರುವುದಿಲ್ಲ. ಅವು ತೊಟ್ಟಿಗೆ ಬಣ್ಣ ಕೊಡುತ್ತವೆ, ಅಷ್ಟೇ.

ಆದ್ದರಿಂದ ಪೆಟ್ಟಿಗೆಯಿಲ್ಲದ ದೀಪವನ್ನು ಕೊಳ್ಳಲೇಬೇಡಿ. ಪೆಟ್ಟಿಗೆಯ ಮೇಲೆ ‘ಜರ್ಮಿಸೈಡಲ್’, ‘ಸ್ಟೆರಿಲೈಸರ್’, ‘ಯುವಿ-ಸಿ’ ಎಂಬ ಪದಗಳಾಗಲಿ 254 ಎಂಬ ಸಂಖ್ಯೆಯಾಗಲಿ ಕಂಡರೆ ಅದು ಆಮೆಗಲ್ಲ. ಸರೀಸೃಪಗಳಿಗೆಂದೇ ತಯಾರಾದ, ‘ಯುವಿಬಿ’ ಎಂದು ಸ್ಪಷ್ಟವಾಗಿ ನಮೂದಿಸಿರುವ ದೀಪವನ್ನೇ ಕೇಳಿ, ತಯಾರಕರು ಸೂಚಿಸಿದ ಅಂತರದಲ್ಲೇ ಕಟ್ಟಿ. ದೀಪಕ್ಕೂ ಆಮೆಗೂ ನಡುವೆ ಗಾಜಿನ ಮುಚ್ಚಳವಿದ್ದರೆ ಯುವಿಬಿ ಬಹುತೇಕ ಅಲ್ಲೇ ತಡೆಯಲ್ಪಡುತ್ತದೆ. ನಮ್ಮ ಕಿಟಕಿಯ ಬಿಸಿಲು ಕಟ್ಟೆಗೆ ಬೆಚ್ಚಗೆ ಬಿದ್ದರೂ ಆಮೆಗೆ ಸಾಲದಿದ್ದುದು ಈ ಕಾರಣದಿಂದಲೇ. ದೀಪದ ಬೆಳಕು ಮೊದಲಿನಂತೆಯೇ ಕಂಡರೂ ಯುವಿಬಿ ತಿಂಗಳು ಕಳೆದಂತೆ ಕುಗ್ಗುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಅದನ್ನು ಬದಲಿಸಬೇಕಾಗುತ್ತದೆ.

ಇಷ್ಟಕ್ಕೂ ಆಮೆ ಕಟ್ಟೆ ಹತ್ತದಿದ್ದುದಕ್ಕೆ ದೀಪದ ಕೊರತೆಯೊಂದೇ ಕಾರಣವಾಗಿರಲಿಲ್ಲ. ಪಶುವೈದ್ಯರು ತೊಟ್ಟಿಯ ವಿಡಿಯೋ ತರಿಸಿಕೊಂಡು ನೋಡಿ ತೋರಿಸಿಕೊಟ್ಟ ಸಂಗತಿಗಳು ಬೇರೆಯೇ ಇದ್ದವು. ಅದೇ ಅಂಗಡಿಯವರು ಹೊಂದಿಸಿಕೊಟ್ಟಿದ್ದ ಹೀಟರ್ ನೀರನ್ನು 30 ಡಿಗ್ರಿಯಲ್ಲಿ ಇಟ್ಟಿತ್ತು. ನೀರೇ ಅಷ್ಟು ಬೆಚ್ಚಗಿದ್ದರೆ ಮೇಲೆ ಬರುವ ಅಗತ್ಯ ಅದಕ್ಕಾದರೂ ಏನಿದೆ? ನೀರು 24ರಿಂದ 26 ಡಿಗ್ರಿಯಲ್ಲಿದ್ದು, ಕಟ್ಟೆಯ ಮೇಲೆ ಆಮೆಯ ಬೆನ್ನಿನ ಎತ್ತರದಲ್ಲಿ ಅಳೆದರೆ 32ರ ಆಸುಪಾಸು ಇರಬೇಕು. ಯುವಿಬಿ ಟ್ಯೂಬು ಅಷ್ಟು ಶಾಖ ಕೊಡುವುದಿಲ್ಲ, ಅದಕ್ಕೆ ಪಕ್ಕದಲ್ಲೊಂದು ಹ್ಯಾಲೊಜೆನ್ ಬಲ್ಬು ಬೇಕು. ಜೊತೆಗೆ, ಗಾಜಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಕಟ್ಟೆ ಬೆಳೆದ ಆಮೆಯ ಭಾರಕ್ಕೆ ಒಂದು ಕಡೆ ವಾಲಿ ನೀರಿನಲ್ಲಿ ಮುಳುಗುತ್ತಿತ್ತು. ಹೊಟ್ಟೆಯ ಚಿಪ್ಪೂ ಪೂರ್ತಿ ಒಣಗದಿದ್ದರೆ ಮೈ ಕಾಯಿಸಿದ ಫಲ ಸಿಗುವುದಿಲ್ಲ, ಸದಾ ತೇವವಾಗಿರುವ ಚಿಪ್ಪಿಗೆ ಕೊಳೆರೋಗ ತಗಲುತ್ತದೆ. ನಾವು ಇಟ್ಟಿಗೆಗಳ ಮೇಲೆ ಒರಟು ಕಡಪಾ ಕಲ್ಲನ್ನು ಅಲುಗಾಡದಂತೆ ಕೂರಿಸಿ, ನೀರಿನೊಳಗಿಂದಲೇ ಶುರುವಾಗುವ ಇಳಿಜಾರನ್ನು ಜೋಡಿಸಿದೆವು. ಜನ ಓಡಾಡುವ ಕಡೆಯ ಗಾಜಿಗೆ ಹಳೆಯ ಬಟ್ಟೆ ಇಳಿಬಿಟ್ಟೆವು.

ಕೈಯಿಂದ ಎತ್ತಿ ಕಟ್ಟೆಯ ಮೇಲಿಡುವ ಉಪಾಯ ಮಾತ್ರ ಬೇಡ. ಹಾಗೆ ಮಾಡಿದರೆ ಆ ಜಾಗವೆಂದರೇ ಅದಕ್ಕೆ ಹೆದರಿಕೆಯಾಗುತ್ತದೆ. ವೈದ್ಯರು ಕೊಟ್ಟ ಮುಲಾಮಿನಿಂದ ಕಣ್ಣು ತೆರೆಯಲು ಕೆಲವು ವಾರಗಳೇ ಹಿಡಿದವು, ತಾನಾಗಿ ಕಟ್ಟೆ ಹತ್ತಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ಈಗ ಹಿಂಗಾಲುಗಳನ್ನು ಉದ್ದಕ್ಕೆ ಚಾಚಿ, ಬೆರಳುಗಳ ನಡುವಿನ ಪೊರೆಯನ್ನು ಬಿಡಿಸಿಕೊಂಡು ಮಲಗುತ್ತದೆ. ಅಂಗಡಿಯವರು ದೀಪದ ಹಣವನ್ನು ಹಿಂದಿರುಗಿಸಲಿಲ್ಲ. ಎಲ್ಲರೂ ಇದನ್ನೇ ಒಯ್ಯುತ್ತಾರೆಂದರು, ಅದೇ ನನ್ನನ್ನು ಹೆಚ್ಚು ಕಳವಳಗೊಳಿಸಿದ ಮಾತು.

ನಿಮ್ಮ ತೊಟ್ಟಿಯ ಮೇಲೆ ಈಗಾಗಲೇ ಇಂಥ ಪಾರದರ್ಶಕ ಟ್ಯೂಬು ಉರಿಯುತ್ತಿದ್ದರೆ, ಪರೀಕ್ಷಿಸಲೆಂದು ಅದನ್ನು ದಿಟ್ಟಿಸದೆ ಮೊದಲು ಪ್ಲಗ್ ಕಿತ್ತುಬಿಡಿ. ಆಮೆಯ ಕಣ್ಣು ಊದಿದ್ದರೆ ಅಂಗಡಿಯ ಹನಿ ಔಷಧಿ ಹಾಕದೆ, ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ದೀಪದ ಫೋಟೋ ಸಮೇತ ಒಯ್ಯಿರಿ. ಬಿಚ್ಚಿದ ಟ್ಯೂಬಿನೊಳಗೆ ಪಾದರಸವಿರುತ್ತದೆ. ಅದನ್ನು ಕಸದ ಬುಟ್ಟಿಗೆ ಎಸೆಯದೆ, ಒಡೆಯದಂತೆ ಕಾಗದದಲ್ಲಿ ಸುತ್ತಿ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.