ಅಣ್ಣನನ್ನು ಹುಡುಕಿಸಲು ಹೋಗಿ ಮನೆಯ ಗುಟ್ಟನ್ನೆಲ್ಲ ವಂಚಕನ ಕೈಗಿತ್ತೆ

ಮನೆಯವರೊಡನೆ ಮಾತು ಬಿಟ್ಟು ಹೊರದೇಶದಲ್ಲಿ ನೆಲೆಸಿರುವ ಅಣ್ಣನೋ ಅಕ್ಕನೋ ಮಗಳೋ ನಿಮಗಿದ್ದು, ಅವರನ್ನು ಹೇಗಾದರೂ ಪತ್ತೆಮಾಡಬೇಕೆಂದು ನೀವು ಯೋಚಿಸುತ್ತಿದ್ದರೆ, ಯಾರಿಗಾದರೂ ಹಣವನ್ನೋ ಕಾಗದಪತ್ರಗಳನ್ನೋ ಕಳುಹಿಸುವ ಮೊದಲು ದಯವಿಟ್ಟು ಇದನ್ನು ಓದಿ. ನಾನು ಕಳೆದುಕೊಂಡ ಹಣವನ್ನು ಎಂದಾದರೂ ದುಡಿದು ತುಂಬಿಕೊಳ್ಳಬಹುದು. ಅದರ ಜೊತೆಗೆ ಹೋದದ್ದನ್ನು ತುಂಬಿಕೊಳ್ಳುವ ದಾರಿ ನನಗೆ ಇನ್ನೂ ಕಂಡಿಲ್ಲ.

ಆಸ್ತಿ ಪಾಲಿನ ಮಾತಿಗೆ ಮನಸ್ಸು ಮುರಿದುಕೊಂಡು ಅಣ್ಣ ಮನೆ ಬಿಟ್ಟು 18 ವರ್ಷಗಳಾದವು. ಮೊದಲ ಎರಡು ವರ್ಷ ಅಪರೂಪಕ್ಕೊಂದು ಪತ್ರ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಕಳೆದ ವರ್ಷ ಅಮ್ಮ ಹಾಸಿಗೆ ಹಿಡಿದು, ಅವನ ಮುಖವನ್ನು ಒಮ್ಮೆ ನೋಡಬೇಕೆಂದು ಹಂಬಲಿಸತೊಡಗಿದಾಗ, ನಾನು ಅವನ ಹಳೆಯ ಫೋಟೊ, ಪೂರ್ಣ ಹೆಸರು, ಹುಟ್ಟಿದ ವರ್ಷ, ಕೊನೆಯದಾಗಿ ಇದ್ದನೆಂದು ಗೊತ್ತಿದ್ದ ನಗರ ಎಲ್ಲವನ್ನೂ ಎಲ್ಲರಿಗೂ ಕಾಣುವಂತೆ ಜಾಲತಾಣದಲ್ಲಿ ಹಾಕಿ ಸಹಾಯ ಕೇಳಿದೆ. ಅದೇ ನನ್ನ ಮೊದಲ ತಪ್ಪು. ಎರಡೇ ದಿನಗಳಲ್ಲಿ, ದೂರವಾದ ಬಂಧುಗಳನ್ನು ಹುಡುಕಿಕೊಡುವ ಖಾಸಗಿ ಪತ್ತೇದಾರನೆಂದು ಹೇಳಿಕೊಂಡ ಒಬ್ಬ ವ್ಯಕ್ತಿಯಿಂದ ಸಂದೇಶ ಬಂತು.

ಅವನು ಮೊದಲು ಹಣ ಕೇಳಲಿಲ್ಲ. ಮನೆಯ ಕಥೆ ಕೇಳಿದ. ಅಣ್ಣನನ್ನು ಮನೆಯಲ್ಲಿ ಯಾವ ಹೆಸರಿನಿಂದ ಕರೆಯುತ್ತಿದ್ದರು, ಮೈಮೇಲೆ ಗಾಯದ ಗುರುತೇನಾದರೂ ಇದೆಯೇ, ಜಗಳವಾದ ದಿನ ಯಾರು ಯಾರು ಇದ್ದರು, ಯಾರ ಯಾವ ಮಾತು ಅವನನ್ನು ನೋಯಿಸಿತು ಎಂದು ಹತ್ತಿರದ ನೆಂಟನಂತೆ ವಿಚಾರಿಸಿದ. ಅಷ್ಟು ವರ್ಷ ಯಾರೊಂದಿಗೂ ಹೇಳಿಕೊಳ್ಳದೆ ಇಟ್ಟುಕೊಂಡಿದ್ದ ಸಂಗತಿಗಳನ್ನು ನಾನು ಆರು ಪುಟ ಬರೆದು, ಅಮ್ಮನ ಪಾಸ್‌ಪೋರ್ಟ್ ಪ್ರತಿಯನ್ನೂ ಅಣ್ಣನ ಜನನ ಪ್ರಮಾಣಪತ್ರವನ್ನೂ ಜೊತೆಗಿಟ್ಟು ಕಳುಹಿಸಿದೆ. ಆಮೇಲೆ ಶುಲ್ಕಗಳು ಒಂದೊಂದಾಗಿ ಬಂದವು: ದಾಖಲೆ ಹುಡುಕಲು ಒಂದು, ವಲಸೆ ಇಲಾಖೆಯ ಕಡತ ತೆರೆಸಲು ಇನ್ನೊಂದು, ಇಂಟರ್‌ಪೋಲ್‌ನಿಂದ ಹಳದಿ ನೋಟಿಸ್ ಹೊರಡಿಸಲು ಮತ್ತೊಂದು. ಪ್ರತಿ ಸಲವೂ ಹಿಂದಿನದಕ್ಕಿಂತ ಕಡಿಮೆ ಮೊತ್ತ ಕೇಳುತ್ತಿದ್ದುದರಿಂದ, ಇಷ್ಟು ಕೊಟ್ಟ ಮೇಲೆ ಇದೊಂದಕ್ಕಾಗಿ ಕೆಲಸ ಕೆಡಬಾರದೆಂದು ನಾನು ಕೊಡುತ್ತಲೇ ಹೋದೆ. ಕೊನೆಯ ಕಂತನ್ನು ಗಿಫ್ಟ್ ಕಾರ್ಡ್‌ಗಳ ಸಂಖ್ಯೆಗಳ ರೂಪದಲ್ಲಿ ಕೇಳಿದಾಗಲಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮುದ್ರೆ, ಸಹಿ ಎಲ್ಲ ಇದ್ದ ಆ ಹಳದಿ ನೋಟಿಸ್ ಪೂರಾ ನಕಲಿಯಾಗಿತ್ತು. ಕಾಣೆಯಾದವರನ್ನು ಪತ್ತೆಮಾಡಲು ಇಂಟರ್‌ಪೋಲ್ ಅಂಥ ನೋಟಿಸ್ ಹೊರಡಿಸುವುದು ನಿಜ. ಆದರೆ ಅದಕ್ಕೆ ಸದಸ್ಯ ದೇಶದ ಪೊಲೀಸರ ಮೂಲಕ ಕೋರಿಕೆ ಹೋಗಬೇಕು, ಖಾಸಗಿ ವ್ಯಕ್ತಿ ಶುಲ್ಕ ಕಟ್ಟಿ ಪಡೆಯುವಂಥದ್ದಲ್ಲ. ಇದನ್ನು ತಿಳಿಯಲು ಅರ್ಧ ಗಂಟೆ ಸಾಕಿತ್ತು. ಆ ಅರ್ಧ ಗಂಟೆಯನ್ನು ನಾನು ತೆಗೆದಿಡಲಿಲ್ಲ.

ನಂತರ 'ಅಣ್ಣನ ಪತ್ರ' ಬಂತು. ಮನೆಯ ಹೆಸರು, ಮೊಣಕೈಯ ಗಾಯ, ಜಗಳದ ದಿನದ ಮಾತುಗಳು ಎಲ್ಲವೂ ಅದರಲ್ಲಿದ್ದವು. ಕೈಗೆ ಪೆಟ್ಟಾಗಿರುವುದರಿಂದ ಟೈಪ್ ಮಾಡಿಸಿದ್ದೇನೆ, ಮನಸ್ಸು ತಡೆಯದು, ವಿಡಿಯೊ ಕರೆ ಈಗ ಬೇಡ ಎಂದಿತ್ತು. ಅಮ್ಮನಿಗೆ ಮೂರು ಸಲ ಓದಿ ಹೇಳಿದೆ. ಪಾಸ್‌ಪೋರ್ಟ್ ತೊಡಕು ಬಿಡಿಸಿಕೊಂಡು ಊರಿಗೆ ಬರಲು ಹಣ ಬೇಕೆಂದು ಕೊನೆಯಲ್ಲಿ ಕೇಳಿತ್ತು, ಅದನ್ನೂ ಕಳುಹಿಸಿದೆ. ಮೋಸ ಬಯಲಾದದ್ದು ಚಿಕ್ಕಮ್ಮನಿಂದ. ಜಗಳದ ಹೊತ್ತಿಗೆ ಅಪ್ಪ ಅಲ್ಲೇ ಕುಳಿತಿದ್ದರೆಂದು ಪತ್ರದಲ್ಲಿದ್ದುದನ್ನು ಕೇಳಿ, ಆ ದಿನ ಅಪ್ಪ ಆಸ್ಪತ್ರೆಯಲ್ಲಿದ್ದರಲ್ಲ ಎಂದು ಅವರು ಅಂದರು. ನಾನು ಬರೆದುಕೊಟ್ಟ ಆರು ಪುಟಗಳನ್ನು ತೆಗೆದು ನೋಡಿದರೆ, ಆ ತಪ್ಪು ನೆನಪು ನನ್ನದೇ ಆಗಿತ್ತು. ನನ್ನ ತಪ್ಪೇ ಅಣ್ಣನ ಹೆಸರಿನಲ್ಲಿ ತಿರುಗಿ ಬಂದಿತ್ತು.

ಆದ್ದರಿಂದ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನು: ನಿಮಗೂ ನಿಮ್ಮ ಬಂಧುವಿಗೂ ಮಾತ್ರ ಗೊತ್ತಿರುವ ಎರಡು ಮೂರು ಸಂಗತಿಗಳನ್ನು ಯಾರಿಗೂ, ಎಂಥ ನಂಬಿಗಸ್ತರಿಗೂ ಬರೆದು ಕೊಡಬೇಡಿ. ಎದುರಿಗೆ ಬಂದವರು ನಿಜವಾಗಿ ಅವರೇ ಹೌದೋ ಅಲ್ಲವೋ ಎಂದು ಒರೆಹಚ್ಚಲು ನಿಮ್ಮ ಬಳಿ ಉಳಿಯುವುದು ಅದೊಂದೇ.

ಇನ್ನು, ವಯಸ್ಕನೊಬ್ಬ ತಾನಾಗಿಯೇ ದೂರವಾಗಿದ್ದರೆ, ತನ್ನ ವಿಳಾಸವನ್ನು ಮನೆಯವರಿಗೆ ಹೇಳದಿರುವ ಹಕ್ಕು ಅವನಿಗೆ ಇರುತ್ತದೆ ಎಂಬುದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟವಾಯಿತು. ಪೊಲೀಸರು ಹುಡುಕಿದರೂ ಸಾಮಾನ್ಯವಾಗಿ ಕ್ಷೇಮವಾಗಿದ್ದಾರೆ ಎಂದಷ್ಟೇ ತಿಳಿಸುತ್ತಾರೆ. ರಾಯಭಾರ ಕಚೇರಿಗಳೂ ಒಪ್ಪಿಗೆಯಿಲ್ಲದೆ ವಿಳಾಸ ಕೊಡುವುದಿಲ್ಲ, ಹೆಚ್ಚೆಂದರೆ ಸುದ್ದಿ ಮುಟ್ಟಿಸಲು ಪ್ರಯತ್ನಿಸಬಹುದು. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮದ ಪ್ರಕಾರ ವಿಳಾಸವೂ ವ್ಯಕ್ತಿಯ ಖಾಸಗಿ ಮಾಹಿತಿಯೇ. ಎಲ್ಲ ದೇಶಗಳಲ್ಲೂ ಪದ್ಧತಿ ಒಂದೇ ತೆರನಾಗಿಲ್ಲ ಎಂಬುದನ್ನೂ ತಿಳಿದಿರಬೇಕು. ಜರ್ಮನಿಯಲ್ಲಿ ಹುಡುಕುತ್ತಿರುವ ವ್ಯಕ್ತಿಯನ್ನು ಸ್ಪಷ್ಟವಾಗಿ ಗುರುತಿಸುವಷ್ಟು ವಿವರ ಕೊಟ್ಟರೆ ನಿವಾಸಿಗಳ ನೋಂದಣಿ ಕಚೇರಿ ಅಲ್ಪ ಶುಲ್ಕಕ್ಕೆ ವಿಳಾಸ ತಿಳಿಸುತ್ತದೆ. ಅಪಾಯವಿದೆಯೆಂದು ತೋರಿಸಿದವರು ಅದನ್ನು ತಡೆಹಿಡಿಸಬಹುದು. ಬ್ರಿಟನ್ನಿನ ಮತದಾರರ ಪಟ್ಟಿಗೆ ಯಾರಾದರೂ ಕೊಳ್ಳಬಹುದಾದ ಮುಕ್ತ ಆವೃತ್ತಿಯೊಂದಿದೆ, ಅದರಿಂದ ಯಾರು ಬೇಕಾದರೂ ತಮ್ಮ ಹೆಸರು ತೆಗೆಸಿಕೊಳ್ಳಬಹುದು. ವಂಚಕರು ರಹಸ್ಯ ಕಡತವೆಂದು ದೊಡ್ಡ ಬೆಲೆಗೆ ಮಾರುವುದು ಕೆಲವೊಮ್ಮೆ ನೀವೇ ಅರ್ಜಿ ಹಾಕಿ ಪಡೆಯಬಹುದಾದ ಮಾಹಿತಿಯಾಗಿರುತ್ತದೆ, ಉಳಿದಂತೆ ಬರೀ ಸುಳ್ಳು.

ಪ್ರಾಮಾಣಿಕ ದಾರಿಗಳು ಇಲ್ಲದಿಲ್ಲ. ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್‌ನವರು ಯುದ್ಧ, ಪ್ರಕೃತಿ ವಿಕೋಪ, ವಲಸೆಗಳಿಂದ ಅಗಲಿದವರನ್ನು ಹಣ ಪಡೆಯದೆ ಹುಡುಕುತ್ತಾರೆ. ಮನೆಜಗಳದಿಂದ ದೂರವಾದವರ ಪ್ರಕರಣ ಸಾಮಾನ್ಯವಾಗಿ ಅವರ ವ್ಯಾಪ್ತಿಗೆ ಬರುವುದಿಲ್ಲ. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ 1885ರಿಂದ ಕುಟುಂಬದವರನ್ನು ಹುಡುಕುವ ಕೆಲಸ ಮಾಡುತ್ತ ಬಂದಿದೆ. ಸಿಕ್ಕಿದ ವ್ಯಕ್ತಿ ಒಪ್ಪದೆ ವಿಳಾಸ ಕೊಡುವುದಿಲ್ಲ ಎಂಬುದು ಇಂಥ ಸಂಸ್ಥೆಗಳ ನಿಯಮ. ಯಾರನ್ನೂ ಕೇಳದೆ ವಿಳಾಸವನ್ನು ನಿಮ್ಮ ಕೈಗಿಡುತ್ತೇನೆಂದು ಭರವಸೆ ಕೊಡುವವರಿಂದ ದೂರವಿರಿ.

ಹಣ ಹೋದದ್ದು ತಿಳಿದ ದಿನವೇ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ. ನಾನು ನಾಚಿಕೆಯಿಂದ 11 ದಿನ ಸುಮ್ಮನಿದ್ದೆ, ಅಷ್ಟರಲ್ಲಿ ಏನೂ ಉಳಿದಿರಲಿಲ್ಲ. ಕೆಲವೇ ವಾರಗಳಲ್ಲಿ, ಕಳೆದ ಹಣವನ್ನು ವಾಪಸ್ ಕೊಡಿಸುವ ವಕೀಲನೆಂದು ಇನ್ನೊಬ್ಬ ಮುಂಗಡ ಕೇಳಿ ಬರೆದ. ಒಮ್ಮೆ ಮೋಸಹೋದವರ ಬೆನ್ನು ಹತ್ತಿ ಇಂಥವರೂ ಬರುತ್ತಾರೆ. ಉತ್ತರಿಸಬೇಡಿ.

ಕೊನೆಗೆ ಒಂದು ಪ್ರಾಮಾಣಿಕ ಸಂಸ್ಥೆಯ ಮೂಲಕ ಪತ್ರ ಕಳುಹಿಸಿದೆ, ಏಳು ವಾರಗಳ ಮೇಲೆ ಉತ್ತರ ಬಂತು. ಅಣ್ಣ ಬದುಕಿದ್ದಾನೆ. ಆದರೆ ನನ್ನ ಪತ್ರಕ್ಕಿಂತ ಮೊದಲೇ, ಅಮ್ಮನ ಪಾಸ್‌ಪೋರ್ಟ್ ಪ್ರತಿಯನ್ನೂ ಮನೆಯ ಹೆಸರನ್ನೂ ಬಳಸಿ, ಅಮ್ಮನ ಚಿಕಿತ್ಸೆಗೆಂದು ನನ್ನ ಹೆಸರಿನಲ್ಲಿ ಯಾರೋ ಅವನಿಂದ ಎರಡು ಸಲ ಹಣ ತರಿಸಿಕೊಂಡಿದ್ದರು. ಅದು ನಾನೇ ಎಂದು ಅವನು ನಂಬಿದ್ದಾನೆ, ವಿಳಾಸ ಕೊಡಲು ಒಪ್ಪಿಲ್ಲ. ಪೊಲೀಸ್ ದೂರಿನ ಪ್ರತಿಯನ್ನು ಅದೇ ಸಂಸ್ಥೆಯ ಮೂಲಕ ಕಳುಹಿಸಿದ್ದೇನೆ, ಇನ್ನೂ ಮಾತಿಲ್ಲ. ಅವನು ಕ್ಷೇಮವಾಗಿದ್ದಾನೆ ಎಂದಷ್ಟೇ ಅಮ್ಮನಿಗೆ ಹೇಳಿದೆ. ಆ ನಕಲಿ ಪತ್ರ ಈಗಲೂ ಅವರ ಬಳಿಯೇ ಇದೆ, ಅದು ಅಣ್ಣನದಲ್ಲವೆಂದು ಹೇಳಲು ನನಗೆ ಆಗಿಲ್ಲ.